ಕೆಟ್ಟದ್ದು ಬ್ಯಾಟರಿಯಲ್ಲ, ದಾರಿ

ಸುಮಾರು ಹನ್ನೆರಡು ವರ್ಷಗಳ ಹಿಂದಿನ ಮಾತು. ನಾನು ಆಗ ಮಲೆನಾಡಿನ ಜಿಲ್ಲೆಯೊಂದರಲ್ಲಿ ಸೇವೆಯಲ್ಲಿದ್ದೆ. ಜುಲೈ ತಿಂಗಳ ಒಂದು ಮುಂಜಾನೆ ಘಟ್ಟದ ರಸ್ತೆಗೆ ಗುಡ್ಡ ಜರಿದಿದೆ ಎಂಬ ಸುದ್ದಿ ಬಂತು. ನಾನು ಸ್ಥಳ ತಲುಪುವ ಹೊತ್ತಿಗೆ ಎರಡೂ ಬದಿಗಳಲ್ಲಿ ಬಸ್ಸು, ಲಾರಿ, ಹಾಲಿನ ಟ್ಯಾಂಕರುಗಳ ಸಾಲು ಕಿಲೋಮೀಟರಿನಷ್ಟು ಬೆಳೆದಿತ್ತು. ಆ ಸಾಲಿನ ನಡುವೆ ಒಂದು ಬಾಡಿಗೆ ಕಾರಿನಲ್ಲಿ, ವಾರಕ್ಕೆ ಎರಡು ಬಾರಿ ಡಯಾಲಿಸಿಸ್‌ಗೆಂದು ಮಂಗಳೂರಿಗೆ ಹೋಗಬೇಕಾದ ವೃದ್ಧರೊಬ್ಬರು ಮಗಳೊಂದಿಗೆ ಕುಳಿತಿದ್ದರು. ಹಿಂದಿನ ಸರದಿಯೂ ಮಳೆಯ ಕಾರಣದಿಂದ ತಪ್ಪಿತ್ತೆಂದು ಆಕೆ ಹೇಳಿದರು.

ಮಣ್ಣು ತೆಗೆಯಲು ಯಂತ್ರವಿರಲಿಲ್ಲವೆಂದಲ್ಲ. ಗುತ್ತಿಗೆದಾರರ ಎಕ್ಸ್‌ಕವೇಟರ್ ರಾತ್ರಿಯೇ ಬಂದು ನಿಂತಿತ್ತು. ಆದರೆ ಬೆಳಿಗ್ಗೆ ಚಾಲಕ ಕೀಲಿ ತಿರುಗಿಸಿದಾಗ ಎಂಜಿನ್ ಅರ್ಧ ಸುತ್ತು ನರಳಿ ಸುಮ್ಮನಾಯಿತು. ಬ್ಯಾಟರಿ ಇಳಿದಿದೆ ಎಂದರು. ಟಿಪ್ಪರುಗಳಿಂದ ಎರಡು ಬ್ಯಾಟರಿ ಬಿಚ್ಚಿ ತಂದು ಜೋಡಿಸಿದರು, ಅದೇ ನರಳಾಟ. ಹಾಗಾದರೆ ಸೆಲ್ಫ್ ಮೋಟಾರೇ ಸುಟ್ಟಿದೆ, ಹೊಸದು ಹಾಸನದಿಂದಲೋ ಮಂಗಳೂರಿನಿಂದಲೋ ಬರಬೇಕು, ನಾಳೆ ಮಧ್ಯಾಹ್ನವಾದೀತು ಎಂಬ ತೀರ್ಮಾನವಾಯಿತು. ಇಷ್ಟರಲ್ಲಿ ಮೂರು ಗಂಟೆ ಕಳೆದಿತ್ತು.

ಆಗ ಯಾರೋ ಕೆಳಗಿನ ಪೇಟೆಯಿಂದ ಒಬ್ಬ ಆಟೊ ಎಲೆಕ್ಟ್ರಿಷಿಯನ್ನರನ್ನು ಬೈಕಿನಲ್ಲಿ ಕರೆತಂದರು. ಐವತ್ತು ದಾಟಿದ ವಯಸ್ಸು, ಕೈಯಲ್ಲಿ ಒಂದು ಹಳೆಯ ಮಲ್ಟಿಮೀಟರ್. ಅವರು ಏನನ್ನೂ ಬಿಚ್ಚಲಿಲ್ಲ. ಚಾಲಕನಿಗೆ ಕೀಲಿ ತಿರುಗಿಸಿ ಹಿಡಿಯಲು ಹೇಳಿ, ಮೊದಲು ಬ್ಯಾಟರಿಯ ಎರಡು ತುದಿಗಳ ನಡುವೆ ಅಳೆದರು. ಅಲ್ಲಿ ವೋಲ್ಟೇಜು ಚೆನ್ನಾಗಿಯೇ ನಿಂತಿತ್ತು. ಅನಂತರ ಸೆಲ್ಫ್ ಮೋಟಾರಿನ ಬಳಿ ಅಳೆದರು. ಅಲ್ಲಿಗೆ ತಲುಪುತ್ತಿದ್ದುದು ಅದರ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ಮೂರನೆಯದಾಗಿ ಬ್ಯಾಟರಿಯ ಋಣ ತುದಿಗೂ ಎಂಜಿನ್ನಿನ ಮೈಗೂ ನಡುವೆ ಮೀಟರು ಇಟ್ಟರು. ಸೊನ್ನೆಯ ಆಸುಪಾಸಿನಲ್ಲಿರಬೇಕಾದ ಮುಳ್ಳು ಹತ್ತು ವೋಲ್ಟಿಗೆ ಏರಿತು. "ಸಾರ್, ಬ್ಯಾಟರಿ ಕೆಟ್ಟಿಲ್ಲ, ಮೋಟಾರೂ ಕೆಟ್ಟಿಲ್ಲ. ಮಧ್ಯದ ದಾರಿ ಕೆಟ್ಟಿದೆ. ಈ ಬೋಲ್ಟು ಮುಟ್ಟಿ ನೋಡಿ" ಎಂದರು. ಮುಟ್ಟಿದೆ, ಬೆರಳು ಹಿಂದೆಗೆದುಕೊಳ್ಳುವಷ್ಟು ಬಿಸಿಯಿತ್ತು.

ಎಂಜಿನ್ನಿಗೂ ಚಾಸಿಗೂ ನಡುವಿನ ಅರ್ಥ್ ಪಟ್ಟಿಯ ಬೋಲ್ಟಿನ ಅಡಿ ತುಕ್ಕು ಕಟ್ಟಿತ್ತು. ಅದನ್ನು ಬಿಚ್ಚಿ, ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿ ಮಾಡಿದರು. ಯಂತ್ರ ಮೊದಲ ತಿರುವಿಗೇ ಚಾಲೂ ಆಯಿತು. ಒಟ್ಟು ನಲವತ್ತು ನಿಮಿಷದ ಕೆಲಸ. ಮಧ್ಯಾಹ್ನದ ಹೊತ್ತಿಗೆ ಒಂದು ಬದಿಯ ಸಂಚಾರ ತೆರೆಯಿತು. ಆ ಬಾಡಿಗೆ ಕಾರು ಮೊದಲ ಹತ್ತು ವಾಹನಗಳಲ್ಲಿ ದಾಟಿಹೋಯಿತು.

ಗುತ್ತಿಗೆದಾರರು ಅವರ ಕೈಗೆ ಐನೂರು ರೂಪಾಯಿ ಇಟ್ಟರು. ಹೊಸ ಸೆಲ್ಫ್ ಮೋಟಾರಿಗೆ ಸಾವಿರಾರು ರೂಪಾಯಿ ತೆರಲು ಅದೇ ವ್ಯಕ್ತಿ ಸಿದ್ಧರಾಗಿದ್ದರು. ಅರ್ಥಶಾಸ್ತ್ರ ಓದಿ ಆಡಳಿತಕ್ಕೆ ಬಂದ ನನಗೆ ಈ ಅಂತರ ಅಂದಿನಿಂದ ಕಾಡುತ್ತಲೇ ಬಂದಿದೆ. ಬಿಡಿಭಾಗಕ್ಕೆ ಬೆಲೆಯಿದೆ, ಅದು ಬೇಡವೆಂದು ತಿಳಿಸುವ ಜ್ಞಾನಕ್ಕೆ ಬೆಲೆಯಿಲ್ಲ ಎಂದರೆ ಅದರ ಪರಿಣಾಮವೇನು?

ಹೊರೆ ಬಿದ್ದಾಗಲೇ ಪರೀಕ್ಷೆ

ಆ ಮೆಕ್ಯಾನಿಕ್ ಬಳಸಿದ್ದು ಯಾವ ಗುಟ್ಟಿನ ವಿದ್ಯೆಯೂ ಅಲ್ಲ. ಜರ್ಮನಿಯ ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ, ನಮ್ಮ ಮಕ್ಕಳು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡುವ ನಿಯಮವೇ ಅದು. ದೊಡ್ಡ ಎಕ್ಸ್‌ಕವೇಟರುಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಪಡೆಯುತ್ತಾರೆ. ಎಂಜಿನ್ನನ್ನು ತಿರುಗಿಸುವಾಗ ಸೆಲ್ಫ್ ಮೋಟಾರು ನೂರಾರು ಆಂಪಿಯರ್ ಎಳೆಯುತ್ತದೆ. ಇನ್ನೂರು ಆಂಪಿಯರ್ ಹರಿಯುವ ದಾರಿಯಲ್ಲಿ ಒಂದು ಓಮ್‌ನ ಇಪ್ಪತ್ತರಲ್ಲೊಂದು ಭಾಗದಷ್ಟು ಅಡ್ಡಿಯಿದ್ದರೂ ಅಲ್ಲಿ ಹತ್ತು ವೋಲ್ಟ್ ಕರಗಿ ಶಾಖವಾಗಿಬಿಡುತ್ತದೆ. ಇಷ್ಟು ಸಣ್ಣ ಅಡ್ಡಿಯನ್ನು, ಯಂತ್ರ ಸುಮ್ಮನೆ ನಿಂತಿರುವಾಗ, ಸಾಮಾನ್ಯ ಮೀಟರಿನ ಓಮ್ ಅಳತೆ ಗುರುತಿಸಲಾರದು.

ಇಲ್ಲಿಯೇ ಬಹುತೇಕ ದುರಸ್ತಿಗಳು ದಾರಿ ತಪ್ಪುವುದು. ಇಪ್ಪತ್ತು ಎಳೆಗಳ ತಂತಿಯಲ್ಲಿ ಹತ್ತೊಂಬತ್ತು ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಮಲ್ಟಿಮೀಟರು ಪೂರ್ಣ 24 ವೋಲ್ಟ್ ತೋರಿಸುತ್ತದೆ. ಏಕೆಂದರೆ ಮೀಟರು ಎಳೆಯುವ ವಿದ್ಯುತ್ ಲೆಕ್ಕಕ್ಕೇ ಸಿಗದಷ್ಟು ಅಲ್ಪ. ದೀಪವನ್ನೋ ಮೋಟಾರನ್ನೋ ಚಾಲೂ ಮಾಡಿದೊಡನೆ ಆ ಒಂಟಿ ಎಳೆ ಹೊರೆ ತಾಳದೆ ಸೋಲುತ್ತದೆ. ಆದ್ದರಿಂದ ತಿಳಿದವರು ಅಳೆಯುವುದು ಕೆಲಸ ನಡೆಯುತ್ತಿರುವಾಗ, ಅದೂ ದಾರಿಯ ಒಂದೊಂದು ತುಂಡಿನ ಉದ್ದಕ್ಕೂ. ಬ್ಯಾಟರಿಯ ಧನ ತುದಿಯಿಂದ ಮೋಟಾರಿನವರೆಗಿನ ಕೇಬಲ್ಲಿನಲ್ಲಿ ಎಷ್ಟು ಕಳೆಯಿತು, ಸ್ವಿಚ್ಚಿನಲ್ಲಿ ಎಷ್ಟು, ಮರಳುವ ಅರ್ಥ್ ದಾರಿಯಲ್ಲಿ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಆರೋಗ್ಯವಂತ ಕೇಬಲ್ಲಿನಲ್ಲಿ ನಷ್ಟ ಅರ್ಧ ವೋಲ್ಟಿನ ಆಸುಪಾಸನ್ನು ಮೀರುವುದಿಲ್ಲ. ಎಲ್ಲಿ ಮೀರುತ್ತದೆಯೋ ಅಲ್ಲಿ ದೋಷವಿದೆ. ಸರಕಾರಿ ಲೆಕ್ಕಪರಿಶೋಧನೆಯೂ ತಾತ್ವಿಕವಾಗಿ ಇದೇ ಅಲ್ಲವೇ? ಖಜಾನೆಯಿಂದ ಹೊರಟ ಹಣ ಫಲಾನುಭವಿಯ ಕೈ ಸೇರುವಷ್ಟರಲ್ಲಿ ಯಾವ ಹಂತದಲ್ಲಿ ಎಷ್ಟು ಸೋರಿತೆಂದು ತುಂಡು ತುಂಡಾಗಿ ಅಳೆಯುವುದು.

ನಿರ್ಮಾಣ ಯಂತ್ರಗಳ ವಿದ್ಯುತ್ ದೋಷಗಳಲ್ಲಿ ಬಹಳಷ್ಟು ಹುಟ್ಟುವುದು ಇಂಥ ಜೋಡಣೆಗಳಲ್ಲಿಯೇ. ಮನೆಯ ತಂತಿ ಗೋಡೆಯೊಳಗೆ ಅಲುಗಾಡದೆ ಮಲಗಿರುತ್ತದೆ. ಇಲ್ಲಿಯ ತಂತಿ ದಿನವಿಡೀ ನಡುಗುತ್ತದೆ, ಬೂಮಿನೊಂದಿಗೆ ಮಡಚಿ ಚಾಚುತ್ತದೆ, ಧೂಳು ಕುಡಿಯುತ್ತದೆ, ಮಳೆಯಲ್ಲಿ ನೆನೆಯುತ್ತದೆ. ಕ್ಲಿಪ್ಪು ಕಳಚಿದ ತಂತಿಯ ಕಟ್ಟು ಉಕ್ಕಿನ ಅಂಚಿಗೆ ಉಜ್ಜಿ ಉಜ್ಜಿ ಹೊದಿಕೆ ಸವೆದು ಮೈಗೆ ತಾಗುತ್ತದೆ. ಯಂತ್ರ ತೊಳೆಯುವವರು ಜೋರು ನೀರನ್ನು ನೇರವಾಗಿ ಕನೆಕ್ಟರಿನ ಮೇಲೆ ಬಿಡುತ್ತಾರೆ. ಕೆಲಸವಿಲ್ಲದ ತಿಂಗಳುಗಳಲ್ಲಿ ಇಲಿಗಳು ಬಂದು ಸೇರುತ್ತವೆ. ಚಾಲಕನ ಹಾಡಿನ ಪೆಟ್ಟಿಗೆಗೆ, ಹೆಚ್ಚುವರಿ ದೀಪಕ್ಕೆ ಸಿಕ್ಕ ಕಡೆ ತಂತಿ ಸುಲಿದು ಟೇಪು ಸುತ್ತುತ್ತಾರೆ. ಇವೆಲ್ಲವೂ ಕಣ್ಣಿಗೆ ಕಾಣುವ, ಕೈಗೆ ಸಿಗುವ ಕಾರಣಗಳು. ಆದ್ದರಿಂದಲೇ ಬಲ್ಲ ಮೆಕ್ಯಾನಿಕ್ ಮೊದಲು ಚಾಲಕನ ಮಾತು ಕೇಳುತ್ತಾನೆ: ಯಾವಾಗ ಶುರುವಾಯಿತು, ಬಿಸಿಯಾದ ಮೇಲೋ ತಣ್ಣಗಿದ್ದಾಗಲೋ, ಅದಕ್ಕೆ ಮುಂಚೆ ಯಾರು ಏನು ಮುಟ್ಟಿದ್ದರು? ರೋಗಿಯ ಮಾತು ಕೇಳದೆ ಚೀಟಿ ಬರೆಯುವ ವೈದ್ಯನನ್ನು ನಾವು ನಂಬುವುದಿಲ್ಲ, ಇಲ್ಲಿಯೂ ಹಾಗೆಯೇ.

ಯಂತ್ರದೊಳಗೆ ಬಂದ ಗಣಕ

ಮೂವತ್ತು ವರ್ಷಗಳ ಹಿಂದಿನ ಡೀಸೆಲ್ ಎಂಜಿನ್ನಿಗೆ ಒಮ್ಮೆ ಚಾಲೂ ಆದ ಮೇಲೆ ವಿದ್ಯುತ್ತಿನ ಹಂಗು ಬಹಳವಿರಲಿಲ್ಲ. ಇಂಧನವನ್ನು ಯಾಂತ್ರಿಕ ಪಂಪು ಅಳೆದು ಕೊಡುತ್ತಿತ್ತು. ಇಂದಿನ ಪರಿಸ್ಥಿತಿ ಬೇರೆ. ನಿರ್ಮಾಣ ವಾಹನಗಳ ಹೊಗೆಯ ಮೇಲಿನ ಮಿತಿಗಳು ನಮ್ಮ ದೇಶದಲ್ಲಿ ಹಂತಹಂತವಾಗಿ ಬಿಗಿಯಾಗುತ್ತ ಬಂದವು. 2021ರ ಏಪ್ರಿಲ್‌ನಿಂದ ನಾಲ್ಕನೇ ಹಂತದ ಮಾನದಂಡ, 2025ರ ಜನವರಿಯಿಂದ ಐದನೇ ಹಂತದ ಮಾನದಂಡ ಜಾರಿಗೆ ಬಂದಿವೆ. ಶುದ್ಧ ಗಾಳಿಯ ದೃಷ್ಟಿಯಿಂದ ಇದು ಸ್ವಾಗತಾರ್ಹ. ಆದರೆ ಈ ಮಿತಿಗಳನ್ನು ಮುಟ್ಟಲು ಇಂಧನದ ಪ್ರತಿ ಹನಿಯನ್ನೂ ಎಲೆಕ್ಟ್ರಾನಿಕ್ ನಿಯಂತ್ರಕವೇ ಅಳೆಯಬೇಕು. ಒತ್ತಡ, ಉಷ್ಣತೆ, ಹೊಗೆಯ ಗುಣ ಎಲ್ಲಕ್ಕೂ ಸಂವೇದಕಗಳಿರಬೇಕು. ಇವು ಪರಸ್ಪರ ಮಾತನಾಡುವುದು ಹೆಣೆದ ಎರಡು ತಂತಿಗಳ ಮೂಲಕ. ಬಾಷ್ ಕಂಪನಿ 1986ರಲ್ಲಿ ಲೋಕದ ಮುಂದಿಟ್ಟ 'ಕ್ಯಾನ್' ಎಂಬ ಪದ್ಧತಿಯಿದು. ಕಾರುಗಳಿಗೆಂದು ರೂಪುಗೊಂಡದ್ದು ಕ್ರಮೇಣ ಬುಲ್ಡೋಜರಿಗೂ ಬಂತು.

ಇಷ್ಟಾದರೂ ಮೂಲ ನಿಯಮ ಬದಲಾಗಿಲ್ಲ ಎಂಬುದು ಗಮನಾರ್ಹ. ಆ ಎರಡು ತಂತಿಗಳ ಎರಡು ಕೊನೆಗಳಲ್ಲಿ 120 ಓಮ್‌ಗಳ ಒಂದೊಂದು ರೋಧಕವಿರುತ್ತದೆ. ಯಂತ್ರದ ವಿದ್ಯುತ್ ಸಂಪೂರ್ಣ ಕಡಿದು ಎರಡು ತಂತಿಗಳ ನಡುವೆ ಅಳೆದರೆ, ಅವೆರಡೂ ಸಮಾನಾಂತರವಾಗಿರುವುದರಿಂದ, 60 ಓಮ್ ಬರಬೇಕು. 120 ಬಂದರೆ ಒಂದು ಕಡೆಯ ರೋಧಕ ಕಳಚಿದೆ ಅಥವಾ ತಂತಿ ತುಂಡಾಗಿದೆ. ಸೊನ್ನೆಯ ಹತ್ತಿರ ಬಂದರೆ ಎರಡು ತಂತಿಗಳು ಎಲ್ಲೋ ತಾಗಿಕೊಂಡಿವೆ. ಲಕ್ಷಾಂತರ ರೂಪಾಯಿಯ ನಿಯಂತ್ರಕ ಸತ್ತಿದೆ ಎಂದು ಘೋಷಿಸುವ ಮುನ್ನ ಈ ಒಂದು ಅಳತೆಗೆ ಬೇಕಾಗುವುದು ಐದು ನಿಮಿಷ.

ಪರದೆಯ ಮೇಲೆ ಮೂಡುವ ದೋಷಸಂಕೇತಗಳ ವಿಷಯದಲ್ಲಿಯೂ ಇಂಥದೇ ತಪ್ಪು ತಿಳಿವಳಿಕೆಯಿದೆ. ಸಂಕೇತ ಹೇಳುವುದು ಯಾವ ಮಂಡಲದಲ್ಲಿ ಅಳತೆ ತಪ್ಪಿದೆ ಎಂಬುದನ್ನು ಮಾತ್ರ. ಯಾವ ವಸ್ತು ಕೆಟ್ಟಿದೆ ಎಂಬುದನ್ನಲ್ಲ. ಅನೇಕ ಯಂತ್ರಗಳಲ್ಲಿ ಹಲವು ಸಂವೇದಕಗಳಿಗೆ ನಿಯಂತ್ರಕದಿಂದ ಐದು ವೋಲ್ಟಿನ ಒಂದೇ ಸಾಮಾನ್ಯ ಪೂರೈಕೆಯಿರುತ್ತದೆ. ಅವುಗಳಲ್ಲಿ ಒಂದು ಒಳಗೇ ಶಾರ್ಟ್ ಆದರೆ ಆ ಐದು ವೋಲ್ಟ್ ಕುಸಿಯುತ್ತದೆ; ಉಳಿದ ನಿರಪರಾಧಿಗಳೂ ತಪ್ಪು ಅಳತೆ ಕೊಡತೊಡಗುತ್ತವೆ; ಪರದೆಯ ಮೇಲೆ ನಾಲ್ಕಾರು ಸಂಕೇತಗಳು ಒಟ್ಟಿಗೇ ಮೂಡುತ್ತವೆ. ಆತುರದವರು ನಾಲ್ಕೂ ಸಂವೇದಕಗಳನ್ನು ಬದಲಿಸುತ್ತಾರೆ. ತಿಳಿದವರು ಒಂದೊಂದನ್ನೇ ಕಳಚುತ್ತ ಹೋಗುತ್ತಾರೆ. ಯಾವುದನ್ನು ಕಳಚಿದಾಗ ಐದು ವೋಲ್ಟ್ ಮರಳುತ್ತದೆಯೋ ಅದು, ಅಥವಾ ಅದಕ್ಕೆ ಹೋಗುವ ತಂತಿ, ಅಪರಾಧಿ.

ಹಳೆಯ ಅಭ್ಯಾಸಗಳೆಲ್ಲವೂ ಇಲ್ಲಿ ಸಲ್ಲುವುದಿಲ್ಲ ಎಂಬುದನ್ನೂ ಹೇಳಬೇಕು. ಬಲ್ಬಿಗೆ ಎರಡು ತಂತಿ ಕಟ್ಟಿದ ಟೆಸ್ಟ್ ಲ್ಯಾಂಪು ಸೆಲ್ಫ್, ದೀಪ, ಫ್ಯೂಸುಗಳ ಪರೀಕ್ಷೆಗೆ ಇಂದಿಗೂ ಉತ್ತಮ ಸಾಧನ. ಅದನ್ನೇ ನಿಯಂತ್ರಕದ ಸೂಕ್ಷ್ಮ ತಂತಿಗಳಿಗೆ ತಾಗಿಸಿದರೆ ಅವು ತಾಳಲಾರದಷ್ಟು ವಿದ್ಯುತ್ ಹರಿದು ಒಳಗಿನ ಭಾಗಗಳು ಕೆಡಬಹುದು. ಬಕೆಟ್ಟಿಗೆ ವೆಲ್ಡಿಂಗ್ ಮಾಡುವಾಗ ಬ್ಯಾಟರಿ ಕಳಚದೆ, ಅರ್ಥ್ ಕ್ಲ್ಯಾಂಪನ್ನು ದೂರದಲ್ಲೆಲ್ಲೋ ಕಚ್ಚಿಸಿದರೆ, ವೆಲ್ಡಿಂಗಿನ ವಿದ್ಯುತ್ ನಿಯಂತ್ರಕದ ಮೂಲಕ ದಾರಿ ಹುಡುಕಿಕೊಳ್ಳಬಹುದು. ಅನುಭವಕ್ಕೆ ಓದಿನ ಜೊತೆ ಬೇಕಾಗುವುದು ಇಂಥಲ್ಲಿಯೇ.

ಅಡ್ಡದಾರಿಯ ಬೆಲೆ

ದೋಷ ಹುಡುಕುವುದು ಹಣ ಉಳಿತಾಯದ ವಿಷಯವಷ್ಟೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ನನ್ನ ಸೇವಾವಧಿಯಲ್ಲಿ ಬಯಲುಸೀಮೆಯ ತಾಲ್ಲೂಕೊಂದರಲ್ಲಿ ಕೆರೆಯ ಹೂಳೆತ್ತುವ ಕಾಮಗಾರಿ ನಡೆಯುತ್ತಿದ್ದಾಗ ಹತ್ತೊಂಬತ್ತು ವರ್ಷದ ಹೆಲ್ಪರ್ ಹುಡುಗನೊಬ್ಬ ಯಂತ್ರದ ಗಾಲಿಯಡಿ ಸಿಕ್ಕಿ ಸತ್ತ. ನನ್ನ ಮೇಜಿಗೆ ಬಂದ ವರದಿಯಲ್ಲಿ 'ಯಂತ್ರದ ಆಕಸ್ಮಿಕ ಚಲನೆ' ಎಂದಿತ್ತು. ವಿಚಾರಿಸಿದಾಗ ಹೊರಬಿದ್ದ ಸಂಗತಿ ಬೇರೆ.

ಇಂಥ ಯಂತ್ರಗಳಲ್ಲಿ ಗೇರು ನ್ಯೂಟ್ರಲ್ಲಿನಲ್ಲಿ ಇಲ್ಲದಿದ್ದರೆ ಸೆಲ್ಫ್ ತಿರುಗದಂತೆ ತಡೆಯುವ ಒಂದು ಸ್ವಿಚ್ಚಿರುತ್ತದೆ. ಆ ಯಂತ್ರದಲ್ಲಿ ಅದರ ತಂತಿ ಮುರಿದು, ಗೇರು ಸರಿಯಿದ್ದಾಗಲೂ ಎಂಜಿನ್ ಚಾಲೂ ಆಗುತ್ತಿರಲಿಲ್ಲ. ದೋಷ ಹುಡುಕುವವರು ಹತ್ತಿರದಲ್ಲಿ ಯಾರೂ ಇರಲಿಲ್ಲ. ಯಂತ್ರಕ್ಕೆ ಗಂಟೆಯ ಬಾಡಿಗೆ. ಹಾಗಾಗಿ ಕೆಳಗೆ ನಿಂತು ಸೆಲ್ಫ್ ಮೋಟಾರಿನ ಎರಡು ತುದಿಗಳಿಗೆ ಸ್ಪ್ಯಾನರ್ ತಾಗಿಸಿ ಚಾಲೂ ಮಾಡುವ ಉಪಾಯವನ್ನು ಆ ಹುಡುಗನಿಗೆ ಕಲಿಸಿದ್ದರು. ಮೂರು ವಾರ ಹಾಗೆಯೇ ನಡೆಯಿತು. ಒಂದು ಬೆಳಿಗ್ಗೆ ಗೇರು ಹಾಕಿಯೇ ಇತ್ತು. ತಡೆಯಬೇಕಾದ ಸ್ವಿಚ್ಚನ್ನು ಸ್ಪ್ಯಾನರು ದಾಟಿಹೋಗಿತ್ತು. ಯಂತ್ರ ಮುಂದೆ ಜಿಗಿಯಿತು. ಒಂದು ಊಟದ ಬೆಲೆಯ ತಂತಿಯನ್ನು ಬದಲಿಸದೆ ಹೋದದ್ದರ ಪರಿಣಾಮವಿದು. ಪರಿಹಾರದ ಕಡತವನ್ನು ನಾವು ತ್ವರಿತವಾಗಿಯೇ ವಿಲೇವಾರಿ ಮಾಡಿದೆವು. ಆದರೆ ಸಹಿ ಮಾಡುವಾಗ ಎದುರಿಗೆ ಕುಳಿತಿದ್ದ ತಾಯಿ ನನ್ನನ್ನು ಕೇಳಿದ ಪ್ರಶ್ನೆಗೆ ಉತ್ತರವಿರಲಿಲ್ಲ: "ಕೆಟ್ಟೈತೆ ಅಂತ ಎಲ್ರಿಗೂ ಗೊತ್ತಿತ್ತಂತಲ್ಲ ಸಾಮಿ, ಯಾಕೆ ಸರಿ ಮಾಡ್ಸಿಲ್ಲ?"

ಎಕ್ಸ್‌ಕವೇಟರಿನಲ್ಲಿ ಚಾಲಕ ಇಳಿಯುವಾಗ ಹೈಡ್ರಾಲಿಕ್ಕನ್ನು ಕಡಿಯುವ ಸುರಕ್ಷಾ ಹಿಡಿ, ಆಸನದಡಿಯ ಸ್ವಿಚ್ಚು, ಹಿಂದೆ ಚಲಿಸುವಾಗ ಕೂಗುವ ಹಾರನ್ನು — ಇವು ಕೆಟ್ಟಾಗ ದುರಸ್ತಿಗೆ ಬದಲು ತಂತಿ ಜೋಡಿಸಿ 'ಡೈರೆಕ್ಟ್' ಮಾಡುವುದು ನಮ್ಮ ಕಾಮಗಾರಿಗಳಲ್ಲಿ ನಿತ್ಯದ ದೃಶ್ಯ. ಮತ್ತೆ ಮತ್ತೆ ಸುಡುವ ಫ್ಯೂಸಿನ ಜಾಗದಲ್ಲಿ ತಾಮ್ರದ ತಂತಿ ಅಥವಾ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಕುಳಿತುಕೊಳ್ಳುತ್ತದೆ. ಫ್ಯೂಸು ಸುಡುತ್ತಿದ್ದುದು ಎಲ್ಲೋ ತಂತಿ ಮೈಗೆ ತಾಗುತ್ತಿದೆ ಎಂದು ಹೇಳಲು. ಆ ಬಾಯಿ ಮುಚ್ಚಿಸಿದರೆ ಮುಂದೆ ತಂತಿಯೇ ಸುಡುತ್ತದೆ. ಹೈಡ್ರಾಲಿಕ್ ಎಣ್ಣೆಯ ಹೊಳೆಗಳ ಪಕ್ಕದಲ್ಲಿ.

ಜ್ಞಾನಕ್ಕೆ ಬೆಲೆಯಿಲ್ಲದ ಮಾರುಕಟ್ಟೆ

ಇಷ್ಟೊಂದು ಸರಳ ಕ್ರಮವಿರುವಾಗ ಅದನ್ನು ಅನುಸರಿಸುವವರು ಏಕೆ ವಿರಳ? ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಬರೆದ ಒಂದು ಪ್ರಬಂಧದಲ್ಲಿ ಇದಕ್ಕೆ ಸುಳಿವಿದೆ. 2001ರ ನೊಬೆಲ್ ಪುರಸ್ಕಾರವನ್ನು ಅವರು ಹಂಚಿಕೊಂಡರು. ಹಳೆಯ ಕಾರುಗಳ ಪೇಟೆಯಲ್ಲಿ ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂಬುದು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಸರಾಸರಿ ಬೆಲೆಯನ್ನಷ್ಟೇ ಕೊಡಲು ಒಪ್ಪುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯ ಮಾರಲು ಒಪ್ಪುವುದಿಲ್ಲ. ಕೊನೆಗೆ ಪೇಟೆಯಲ್ಲಿ ಉಳಿಯುವುದು ಕೆಟ್ಟವೇ ಎಂಬುದು ಅವರ ವಾದದ ಸಾರ.

ದುರಸ್ತಿಯ ಪೇಟೆಯೂ ಹೀಗೆಯೇ. ಅಳೆದು ದೋಷ ಹುಡುಕಿದವನನ್ನೂ ಊಹಿಸಿ ಬಿಡಿಭಾಗ ಬದಲಿಸಿದವನನ್ನೂ ಯಂತ್ರದ ಮಾಲೀಕ ಬೇರ್ಪಡಿಸಿ ನೋಡಲಾರ. ಇಬ್ಬರ ಕೈಯಲ್ಲೂ ಕೊನೆಗೆ ಯಂತ್ರ ನಡೆಯುತ್ತದೆ. ಮೊದಲನೆಯವನು ನಲವತ್ತು ನಿಮಿಷ ತೆಗೆದುಕೊಂಡು ಒಂದು ಬೋಲ್ಟು ಉಜ್ಜಿದ; ಅದಕ್ಕೆ ಐನೂರು ರೂಪಾಯಿಯೂ ಹೆಚ್ಚೆನ್ನಿಸುತ್ತದೆ. ಎರಡನೆಯವನು ಹೊಳೆಯುವ ಹೊಸ ಮೋಟಾರು ತೋರಿಸುತ್ತಾನೆ, ಬಿಲ್ಲು ಕೊಡುತ್ತಾನೆ, ಅಂಗಡಿಯವನಿಂದ ಕಮಿಷನ್ನೂ ಪಡೆಯುತ್ತಾನೆ. ಹೀಗಿರುವಾಗ ಅಳೆಯುವ ವಿದ್ಯೆಯನ್ನು ಯಾರು ಕಲಿಯುತ್ತಾರೆ?

ಸರಕಾರವೂ ಈ ತಪ್ಪಿನಿಂದ ಹೊರತಲ್ಲ. ನಾನೇ ಒಮ್ಮೆ ಇಲಾಖೆಯ ಬುಲ್ಡೋಜರೊಂದನ್ನು ನಿರುಪಯುಕ್ತವೆಂದು ಹರಾಜಿಗೆ ಹಾಕುವ ಕಡತಕ್ಕೆ ಸಹಿ ಮಾಡಿದ್ದೇನೆ. ವಿದ್ಯುತ್ ವ್ಯವಸ್ಥೆ ಪೂರ್ಣ ವಿಫಲ, ದುರಸ್ತಿ ಲಾಭದಾಯಕವಲ್ಲ ಎಂಬ ತಾಂತ್ರಿಕ ಟಿಪ್ಪಣಿ ಅದರಲ್ಲಿತ್ತು. ಎರಡು ತಿಂಗಳ ನಂತರ ಅದೇ ಯಂತ್ರ, ಬಣ್ಣ ಕೂಡ ಬದಲಾಗದೆ, ಹೆದ್ದಾರಿಯ ಪಕ್ಕದ ಒಂದು ಬಡಾವಣೆಯಲ್ಲಿ ನೆಲ ಸಮ ಮಾಡುತ್ತಿದ್ದುದನ್ನು ಕಂಡೆ. ಕಾರು ನಿಲ್ಲಿಸಿ ಕೇಳಿದಾಗ ಚಾಲಕ ನಕ್ಕು, ಒಂದು ರಿಲೇ ಹಾಗೂ ಎರಡು ಕನೆಕ್ಟರು ಬದಲಿಸಿದ್ದಾಗಿ ಹೇಳಿದ. ಆ ಟಿಪ್ಪಣಿ ಬರೆದವರು ಅಪ್ರಾಮಾಣಿಕರಾಗಿದ್ದರೆಂದು ನನಗೆ ಅನ್ನಿಸುವುದಿಲ್ಲ. ಅಳೆಯಲು ಅವರಿಗೆ ಮಂಡಲದ ನಕ್ಷೆಯಿರಲಿಲ್ಲ, ಅಳೆಯಲು ಬಲ್ಲ ಸಿಬ್ಬಂದಿಯಿರಲಿಲ್ಲ. ಹೊರೆಯಡಿಯಲ್ಲಿ ಪರೀಕ್ಷಿಸದೆ ಕಾಗದದ ಅಳತೆಯನ್ನೇ ನಂಬಿದ ತಪ್ಪು ನನ್ನದೂ ಹೌದು.

ನಕ್ಷೆ ಯಾರ ಸೊತ್ತು?

ಈಗ ಸಮಸ್ಯೆಗೆ ಇನ್ನೊಂದು ಮುಖ ಸೇರಿದೆ. ಹೊಸ ಯಂತ್ರಗಳ ದೋಷಸಂಕೇತಗಳನ್ನು ಪೂರ್ಣವಾಗಿ ಓದಲು ತಯಾರಕರ ತಂತ್ರಾಂಶ ಬೇಕು. ಮಂಡಲದ ನಕ್ಷೆ ಅಧಿಕೃತ ಕೇಂದ್ರಗಳಾಚೆ ಸುಲಭವಾಗಿ ಸಿಗುವುದಿಲ್ಲ. ಪೇಟೆಯ ಮೆಕ್ಯಾನಿಕ್ ಎಷ್ಟೇ ಬಲ್ಲವನಾದರೂ ಕಣ್ಣು ಕಟ್ಟಿಕೊಂಡು ಕೆಲಸ ಮಾಡಬೇಕು.

ಬೇರೆ ದೇಶಗಳಲ್ಲಿ ಈ ಪ್ರಶ್ನೆ ಕಾನೂನಿನ ಕಟ್ಟೆ ಏರಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲಿಯೇ ಕಾರುಗಳ ದುರಸ್ತಿ ಮಾಹಿತಿ ಸ್ವತಂತ್ರ ಗ್ಯಾರೇಜುಗಳಿಗೂ ಸಿಗಬೇಕೆಂಬ ಕಾನೂನನ್ನು ಬೆಂಬಲಿಸಿದರು. ಕೊಲೊರಾಡೊ ರಾಜ್ಯ 2023ರಲ್ಲಿ ಕೃಷಿ ಯಂತ್ರಗಳಿಗೆ ಇಂಥದೇ ಕಾಯ್ದೆ ಮಾಡಿತು. ಅದು 2024ರ ಜನವರಿಯಿಂದ ಜಾರಿಗೆ ಬಂತು. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿಯ ಹಕ್ಕಿನ ಚೌಕಟ್ಟು ರೂಪಿಸಲು ಸಮಿತಿ ನೇಮಿಸಿತು. ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ಲನ್ನೂ ಆರಂಭಿಸಿತು. ಗುರುತಿಸಿದ ಕ್ಷೇತ್ರಗಳು ನಾಲ್ಕು: ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತುಗಳು, ವಾಹನಗಳು. ನಿರ್ಮಾಣ ಯಂತ್ರಗಳಿಗೆ ಆ ಪಟ್ಟಿಯಲ್ಲಿ ಪ್ರತ್ಯೇಕ ಸ್ಥಾನ ಸಿಗಲಿಲ್ಲ.

ಅವು ದೊಡ್ಡ ಕಂಪನಿಗಳ ಸೊತ್ತು, ಅವರ ಚೌಕಾಸಿ ಅವರೇ ಮಾಡಿಕೊಳ್ಳಲಿ ಎಂಬ ಭಾವನೆ ಇದಕ್ಕೆ ಕಾರಣವಿರಬಹುದು. ವಾಸ್ತವ ಬೇರೆ. ನಮ್ಮ ಹೋಬಳಿ ಹೋಬಳಿಗಳಲ್ಲಿ, ಜನ ತಯಾರಕರ ಹೆಸರಿಂದಲೇ 'ಜೆಸಿಬಿ' ಎಂದು ಕರೆಯುವ ಬಗೆಯ ಒಂದೇ ಒಂದು ಯಂತ್ರವನ್ನು ಸಾಲದಲ್ಲಿ ಕೊಂಡು, ತಾನೇ ಓಡಿಸಿ ಕಂತು ಕಟ್ಟುವ ಸಾವಿರಾರು ಯುವಕರಿದ್ದಾರೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ವಾಣಿಜ್ಯ ಉದ್ದೇಶದ ಖರೀದಿಯನ್ನು ಹೊರಗಿಟ್ಟರೂ, ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿಯೇ ಕೊಂಡು ಬಳಸುವವನನ್ನು ಗ್ರಾಹಕನೆಂದೇ ಪರಿಗಣಿಸುತ್ತದೆ. ಈ ಒಂಟಿ ಯಂತ್ರದ ಒಡೆಯನಿಗೆ ಯಂತ್ರ ನಿಂತ ಪ್ರತಿ ದಿನವೂ ಕಂತು ತಪ್ಪುವ ದಿನ.

ತಯಾರಕರ ಆತಂಕಗಳನ್ನು ತಳ್ಳಿಹಾಕಲಾಗದು. ತಂತ್ರಾಂಶ ತಿದ್ದಲು ಬಿಟ್ಟರೆ ಹೊಗೆ ನಿಯಂತ್ರಣವನ್ನೇ ಕಳಚಿಹಾಕುವವರಿದ್ದಾರೆ. ಸುರಕ್ಷಾ ಸ್ವಿಚ್ಚುಗಳನ್ನು 'ಡೈರೆಕ್ಟ್' ಮಾಡುವವರನ್ನು ಈಗಾಗಲೇ ನೋಡಿದೆವು. ಆದರೆ ಓದುವುದು ಬೇರೆ, ತಿದ್ದುವುದು ಬೇರೆ. ಸಂಕೇತಗಳ ಅರ್ಥ, ಮಂಡಲದ ನಕ್ಷೆ, ಯಾವ ತುದಿಯಲ್ಲಿ ಎಷ್ಟು ವೋಲ್ಟ್ ಇರಬೇಕೆಂಬ ಪಟ್ಟಿ, ಇವನ್ನು ತೆರೆದಿಟ್ಟರೆ ಯಾರ ತಂತ್ರಾಂಶವೂ ಕಳವಾಗುವುದಿಲ್ಲ. ತಿದ್ದುವ ಕೀಲಿ ತಯಾರಕರ ಬಳಿಯೇ ಇರಲಿ. ದೋಷ ಹುಡುಕಲಾಗದ ಸ್ಥಿತಿಯೇ ಅಡ್ಡದಾರಿಗೆ ಮೂಲ ಎಂಬುದನ್ನು ಮರೆಯಬಾರದು. ಕೆರೆಯಂಗಳದ ಆ ಹುಡುಗನ ಕೈಗೆ ಸ್ಪ್ಯಾನರು ಬಂದದ್ದು ಮಾಹಿತಿ ಹೆಚ್ಚಾಗಿ ಅಲ್ಲ.

ಸರಕಾರದ ಕೈಯಲ್ಲಿರುವುದು

ಹೊಸ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ಲೋಕೋಪಯೋಗಿ, ನೀರಾವರಿ, ನಗರಪಾಲಿಕೆ, ಗಣಿ ನಿಗಮಗಳೆಲ್ಲ ಸೇರಿದರೆ ಸರಕಾರವೇ ಇಂಥ ಯಂತ್ರಗಳ ದೊಡ್ಡ ಗ್ರಾಹಕ. ಮುಂದಿನ ಟೆಂಡರುಗಳಲ್ಲಿ ಕನ್ನಡದ ದೋಷಪತ್ತೆ ಕೈಪಿಡಿ, ಪೂರ್ಣ ಮಂಡಲ ನಕ್ಷೆ, ಸಂಕೇತ ಓದುವ ಉಪಕರಣ ಇವನ್ನು ಖರೀದಿಯ ಅಂಗವನ್ನಾಗಿ ಮಾಡಬಹುದು. ಕೇವಲ ಕಡಿಮೆ ಬೆಲೆಯನ್ನು ನೋಡುವ ಬದಲು ಹತ್ತು ವರ್ಷಗಳ ದುರಸ್ತಿ ವೆಚ್ಚವನ್ನೂ ತೂಗಬಹುದು. ಯಾವುದೇ ಯಂತ್ರವನ್ನು ನಿರುಪಯುಕ್ತವೆಂದು ಘೋಷಿಸುವ ಮುನ್ನ ಹೊರೆಯಡಿಯಲ್ಲಿ ಮಾಡಿದ ಅಳತೆಗಳ ಪಟ್ಟಿ ಕಡತದಲ್ಲಿರಬೇಕೆಂದು ಒಂದು ಸುತ್ತೋಲೆ ಹೊರಡಿಸಿದರೆ ಅದಕ್ಕೆ ಖರ್ಚೇ ಇಲ್ಲ.

ಎರಡನೆಯದು ಶಿಕ್ಷಣ. ಭೂಮಿ ಅಗೆಯುವ ಯಂತ್ರಗಳ ತಯಾರಿಕೆಯಲ್ಲಿ ಕರ್ನಾಟಕಕ್ಕೆ ದೀರ್ಘ ಪರಂಪರೆಯಿದೆ. 1964ರಲ್ಲಿ ಸ್ಥಾಪನೆಯಾದ ಸಾರ್ವಜನಿಕ ವಲಯದ ಬಿಇಎಂಎಲ್‌ನ ಕೇಂದ್ರ ಬೆಂಗಳೂರಿನಲ್ಲಿದೆ; ಅದರ ಕಾರ್ಖಾನೆಗಳು ಕೆಜಿಎಫ್ ಮತ್ತು ಮೈಸೂರಿನಲ್ಲಿವೆ. ಇತ್ತೀಚಿನ ವರ್ಷಗಳಲ್ಲಿ ರಾಜ್ಯದ 150 ಸರಕಾರಿ ಐಟಿಐಗಳು ಹೊಸ ಯಂತ್ರೋಪಕರಣಗಳನ್ನು ಕಂಡಿವೆ. ಅಲ್ಲಿ ವಿದ್ಯುತ್ ಕಲಿಯುವವನು ಮನೆಯ ವೈರಿಂಗನ್ನೂ ಡೀಸೆಲ್ ಕಲಿಯುವವನು ಪಿಸ್ಟನ್ನನ್ನೂ ಕಲಿಯುತ್ತಾನೆ. ಇವೆರಡರ ನಡುವೆ ಬೀಳುವ ಈ ವಿದ್ಯೆಗೆ ಒಂದು ಹಳೆಯ ಯಂತ್ರವನ್ನು ಅಂಗಳದಲ್ಲಿ ನಿಲ್ಲಿಸಿ, ಬೇಕೆಂದೇ ದೋಷಗಳನ್ನು ಹುದುಗಿಸಿ, ಹುಡುಕಲು ಬಿಡುವುದಕ್ಕಿಂತ ಒಳ್ಳೆಯ ಪಾಠವಿಲ್ಲ. ನಾವು ಗುಜರಿಗೆ ಹಾಕುವ ಯಂತ್ರಗಳಲ್ಲಿ ಕೆಲವು ಅಲ್ಲಿಗೆ ಹೋಗಲಿ.

ಕಳೆದ ವರ್ಷ ಆ ಘಟ್ಟದ ಕೆಳಗಿನ ಪೇಟೆಯ ಮೂಲಕ ಹೋಗುವ ಸಂದರ್ಭ ಬಂದಾಗ ಆ ಮೆಕ್ಯಾನಿಕ್ಕರನ್ನು ಹುಡುಕಿಕೊಂಡು ಹೋದೆ. ಗುರುತು ಹಿಡಿದು, ಚಹಾ ತರಿಸಿದರು. ಗೋಡೆಯ ಮೊಳೆಗೆ ನೇತುಹಾಕಿದ್ದ ಚೀಲದಿಂದ ಮೂರು ನೋಟ್‌ಬುಕ್ಕುಗಳನ್ನು ತೆಗೆದು ತೋರಿಸಿದರು. ಇಪ್ಪತ್ತೈದು ವರ್ಷಗಳಲ್ಲಿ ತಾವು ಕಂಡ ಒಂದೊಂದು ದೋಷವನ್ನೂ ಅವರು ಕನ್ನಡದಲ್ಲಿ ಬರೆದಿಟ್ಟಿದ್ದಾರೆ: ತಾರೀಕು, ಯಂತ್ರದ ಜಾತಿ, ಚಾಲಕ ಹೇಳಿದ್ದು, ಅಳತೆ, ಸಿಕ್ಕ ಕಾರಣ. ಹುಡುಕಿದರೆ ಆ ಜುಲೈನ ಪುಟವೂ ಸಿಕ್ಕಿತು. 'ಘಾಟಿ. ಸೆಲ್ಫ್ ನರಳುತ್ತೆ. ಅರ್ಥ್ ಕಡೆ 10 ವೋಲ್ಟ್. ಬೋಲ್ಟ್ ತುಕ್ಕು' ಎಂದಿತ್ತು. ಅವರ ಮಗ ಬೆಂಗಳೂರಿನಲ್ಲಿ ಮನೆಮನೆಗೆ ಪಾರ್ಸೆಲ್ ತಲುಪಿಸುವ ಕೆಲಸದಲ್ಲಿದ್ದಾನೆ; ಈ ಕಸುಬಿಗಿಂತ ಅದರಲ್ಲಿ ಹೆಚ್ಚು ಸಂಪಾದನೆ ಎಂದರು. ಅಂಗಡಿಯಲ್ಲಿ ಶಿಷ್ಯರು ಯಾರೂ ಇರಲಿಲ್ಲ.

ಆ ಪುಟಗಳ ಛಾಯಾಪ್ರತಿ ತೆಗೆಸಿಕೊಳ್ಳಲು ಅನುಮತಿ ಕೇಳಿದೆ. ಕೂಡಲೇ ಒಪ್ಪಿದರು. ಅವುಗಳ ಒಂದು ಪ್ರತಿಯನ್ನು ಸಮೀಪದ ಐಟಿಐಗೆ ಕೊಟ್ಟು ಬಂದಿದ್ದೇನೆ. ಪ್ರಾಂಶುಪಾಲರು ಆಸಕ್ತಿಯಿಂದ ತಿರುವಿ ನೋಡಿ, ಪಠ್ಯಕ್ರಮದಲ್ಲಿ ಇದಕ್ಕೆ ಅವಕಾಶವಿಲ್ಲ, ಆದರೂ ಶನಿವಾರದ ಮಧ್ಯಾಹ್ನಗಳಲ್ಲಿ ಹುಡುಗರಿಗೆ ಓದಿ ಹೇಳಿಸುತ್ತೇನೆ ಎಂದರು. ಸದ್ಯಕ್ಕೆ ಅಷ್ಟಾಗಿದೆ.

(ಲೇಖಕರು ನಿವೃತ್ತ ಸರಕಾರಿ ಅಧಿಕಾರಿ)